ಮಾತು ತಡವಾದ ಮಗು: ಮೊದಲು ಕಿವಿಯ ಪರೀಕ್ಷೆ

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲವೆಂದು ತಾಯಿ ಚಿಂತಿಸತೊಡಗಿದರೆ ನಮ್ಮ ಮನೆಗಳಲ್ಲಿ ಸಿದ್ಧವಾದ ಸಮಾಧಾನವೊಂದು ದೊರೆಯುತ್ತದೆ. “ಇವನಪ್ಪನೂ ನಾಲ್ಕು ವರ್ಷದವರೆಗೆ ಮಾತಾಡಿರಲಿಲ್ಲ, ಆಮೇಲೆ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು” ಎಂದು ಅಜ್ಜಿ ನಗುತ್ತಾರೆ. ಬಜೆಯನ್ನು ತೇಯ್ದು ನಾಲಿಗೆಗೆ ಸವರುತ್ತಾರೆ. ನಾಲಿಗೆಯ ಕೆಳಗಿನ ತಂತು ಬಿಗಿಯಾಗಿದೆಯೆಂದು ಅದನ್ನು ಕತ್ತರಿಸಿಕೊಂಡು ಬರುವವರುಂಟು; ಹರಕೆ ಹೊರುವವರೂ ಉಂಟು. ಇವುಗಳ ಹಿಂದಿರುವ ಮಮತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಪ್ರಯತ್ನಗಳೆಲ್ಲ ಬಾಯಿಯ ಸುತ್ತಲೇ ನಡೆಯುತ್ತವೆ. ಮಗುವಿಗೆ ಕಿವಿ ಕೇಳುತ್ತಿದೆಯೇ ಎಂಬ ಮೊದಲ ಪ್ರಶ್ನೆಯನ್ನು ಯಾರೂ ಕೇಳದೆಯೇ ಎರಡು ವರ್ಷ ಕಳೆದಿರುತ್ತದೆ. ನಾಲಿಗೆಯ ತಂತು ಬಿಗಿಯಾಗಿದ್ದರೆ ಹಾಲು ಕುಡಿಯಲು ತೊಂದರೆಯಾದೀತು, ಕೆಲವು ಅಕ್ಷರಗಳ ಉಚ್ಚಾರ ಅಸ್ಪಷ್ಟವಾದೀತು. ಅದರಿಂದ ಭಾಷೆಯೇ ಬಾರದೆ ಹೋಗುವುದಿಲ್ಲ.

ಸದ್ಭಕ್ತ ಕುಟುಂಬಗಳ ಹಿರಿಯರು ಮೊದಲು ತಿಳಿಯಬೇಕಾದುದು, ಮಗು ಭಾಷೆಯನ್ನು ಕಲಿಯಲು ಆರಂಭಿಸುವುದು ಮೊದಲ ಮಾತಿನ ದಿನದಿಂದಲ್ಲ ಎಂಬುದನ್ನು. ಗರ್ಭದ ಆರನೆಯ ತಿಂಗಳು ಮುಗಿಯುವ ಹೊತ್ತಿಗೆ ಶಿಶುವಿನ ಒಳಗಿವಿ ಕೆಲಸ ಮಾಡತೊಡಗುತ್ತದೆ. ಹೊರಗಿನ ಸದ್ದುಗಳಲ್ಲಿ ಅದಕ್ಕೆ ಅತ್ಯಂತ ಸಮೀಪದ್ದು ತಾಯಿಯ ದನಿ. ಹುಟ್ಟಿದ ಎರಡು ಮೂರು ದಿನಗಳಲ್ಲಿಯೇ ಮಗು ಬೇರೆ ಹೆಂಗಸರ ದನಿಗಿಂತ ತನ್ನ ತಾಯಿಯ ದನಿಯನ್ನು ಹೆಚ್ಚು ಬಯಸುತ್ತದೆ ಎಂಬುದನ್ನು 1980ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಇದಕ್ಕಿಂತಲೂ ಸ್ವಾರಸ್ಯಕರವಾದ ಪ್ರಯೋಗವೊಂದು 1984ರಲ್ಲಿ ಪ್ರಕಟವಾಯಿತು. ಕೆನಡಾದ ಜಾನೆಟ್ ವರ್ಕರ್ ಅವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಇಂಗ್ಲಿಷರ ಕಿವಿಗೆ ಈ ಎರಡೂ ಒಂದೇ. ಆದರೆ ಆರೇಳು ತಿಂಗಳ ಕೂಸುಗಳು ಆ ಭೇದವನ್ನು ಸರಾಗವಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಅದೇ ಮನೆಗಳ ಕೂಸುಗಳಲ್ಲಿ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ನಮ್ಮ ಕನ್ನಡದ ಮಗು ‘ತಟ್ಟೆ’ಯಲ್ಲಿರುವ ಎರಡು ಬಗೆಯ ವ್ಯಂಜನಗಳನ್ನು ಜೀವಮಾನವಿಡೀ ಬೇರ್ಪಡಿಸಿ ಕೇಳಬಲ್ಲದಾದರೆ, ಆ ಶಕ್ತಿಯನ್ನು ಉಳಿಸಿಕೊಂಡದ್ದು ಮೊದಲ ವರ್ಷದಲ್ಲಿ, ಇನ್ನೂ ಒಂದು ಮಾತನ್ನೂ ಆಡದಿದ್ದಾಗ. ಕೇಳಿದ್ದನ್ನು ಮಿದುಳು ಇಟ್ಟುಕೊಳ್ಳುತ್ತದೆ, ಕೇಳದಿದ್ದುದನ್ನು ಬಿಟ್ಟುಕೊಡುತ್ತದೆ.

ಹೀಗಿರುವಾಗ ಏನನ್ನೂ ಕೇಳದ ಮಗುವಿನ ಮಿದುಳಿನಲ್ಲಿ ನಡೆಯುವುದೇನು? ಶಬ್ದಕ್ಕೆಂದು ಮೀಸಲಾದ ಭಾಗ ಬಹುಕಾಲ ಖಾಲಿಯಾಗಿರುವುದಿಲ್ಲ. ದೃಷ್ಟಿ, ಸ್ಪರ್ಶಗಳಂಥ ಇತರ ಇಂದ್ರಿಯಗಳ ಕೆಲಸಗಳು ಅದನ್ನು ನಿಧಾನವಾಗಿ ಆಕ್ರಮಿಸಿಕೊಳ್ಳುತ್ತವೆ. ಅಮೆರಿಕದ ಅನು ಶರ್ಮಾ ಮತ್ತು ಸಂಗಡಿಗರು ಹುಟ್ಟುಗಿವುಡಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಿದ ಮೇಲೆ ಅವರ ಮಿದುಳು ಶಬ್ದಕ್ಕೆ ಎಷ್ಟು ಬೇಗ ಸ್ಪಂದಿಸುತ್ತದೆಂದು ಅಳೆದು ನೋಡಿದರು. 2002ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಮೂರೂವರೆ ವರ್ಷದೊಳಗೆ ಉಪಕರಣ ಪಡೆದ ಮಕ್ಕಳ ಸ್ಪಂದನ ಕೇಳುವ ಮಕ್ಕಳ ಮಟ್ಟಕ್ಕೆ ಬಂದಿತು. ಏಳು ವರ್ಷದ ಅನಂತರ ಪಡೆದವರಲ್ಲಿ ಹೆಚ್ಚಿನವರಿಗೆ ಹಾಗಾಗಲಿಲ್ಲ. ಅದೇ ಶಸ್ತ್ರಚಿಕಿತ್ಸೆ, ಅದೇ ಯಂತ್ರ, ಬೇರೆಯಾದದ್ದು ವಯಸ್ಸು. ‘ಇನ್ನೊಂದು ವರ್ಷ ಕಾಯೋಣ’ ಎಂಬ ಮಾತಿಗೆ ಮಗು ತೆರುವ ಬೆಲೆ ಇದು.

ತಟ್ಟೆ ಬಡಿದು ನೋಡುವ ಪರೀಕ್ಷೆ

ಮಗುವಿನ ಹಿಂದೆ ನಿಂತು ತಟ್ಟೆ ಬಡಿಯುವುದು, ಗುಡಿಯ ಗಂಟೆಯ ಬಳಿ ಎತ್ತಿಕೊಂಡು ಹೋಗುವುದು, ಕುಕ್ಕರಿನ ಸೀಟಿಗೆ ಬೆಚ್ಚುತ್ತದೆಯೇ ಎಂದು ನೋಡುವುದು ನಮ್ಮಲ್ಲಿ ವಾಡಿಕೆ. ಮಗು ತಿರುಗಿತೆಂದರೆ ‘ಕಿವಿ ಚೆನ್ನಾಗಿದೆ’ ಎಂದು ತೀರ್ಮಾನವಾಗುತ್ತದೆ. ಈ ತೀರ್ಮಾನ ಅನೇಕ ಮಕ್ಕಳನ್ನು ದಾರಿ ತಪ್ಪಿಸಿದೆ. ಕಿವುಡುತನ ಎಂಬುದು ದೀಪದ ಗುಂಡಿಯಂತೆ ಇದೆ ಅಥವಾ ಇಲ್ಲ ಎಂಬ ಸಂಗತಿಯಲ್ಲ. ನಾವು ಸಾಧಾರಣವಾಗಿ ಆಡುವ ಮಾತು ಸುಮಾರು 60 ಡೆಸಿಬೆಲ್‌ನಷ್ಟಿರುತ್ತದೆ. ತಟ್ಟೆಯ ಸದ್ದು ಅದಕ್ಕಿಂತ ಬಹಳ ಜೋರು. ಮಧ್ಯಮ ಪ್ರಮಾಣದ ದೋಷವುಳ್ಳ ಮಗು ತಟ್ಟೆಗೆ ತಿರುಗುತ್ತದೆ, ತಾಯಿಯ ಮಾತು ಮಾತ್ರ ಅದಕ್ಕೆ ಗೋಡೆಯಾಚೆಯ ಗುನುಗಿನಂತೆ ಕೇಳುತ್ತದೆ. ಇನ್ನು ಕೆಲವರಿಗೆ ಕೆಳಸ್ಥಾಯಿಯ ಶಬ್ದ ಚೆನ್ನಾಗಿ ಕೇಳುತ್ತದೆ, ಮೇಲುಸ್ಥಾಯಿಯದು ಕೇಳುವುದಿಲ್ಲ. ‘ಸ’, ‘ಶ’ ಧ್ವನಿಗಳು ಮೇಲುಸ್ಥಾಯಿಯವು, ಕ್ಷೀಣವಾದವು ಕೂಡ. ಸಂಪೂರ್ಣ ಕಿವುಡಾದ ಮಗುವೂ ನೆಲದ ಅದುರನ್ನೋ, ಗೋಡೆಯ ಮೇಲೆ ಸರಿದ ನೆರಳನ್ನೋ ಗಮನಿಸಿ ತಿರುಗಬಹುದು.

ಮತ್ತೊಂದು ಭ್ರಮೆಯೂ ಇದೆ. ಕಿವಿ ಕೇಳದ ಕೂಸು ಅಳುತ್ತದೆ, ನಗುತ್ತದೆ, ಮೊದಲ ತಿಂಗಳುಗಳಲ್ಲಿ ‘ಊ’, ‘ಆ’ ಎಂದು ಸದ್ದು ಮಾಡುತ್ತದೆ. ಆದ್ದರಿಂದ ತಂದೆತಾಯಿಗಳಿಗೆ ಅನುಮಾನವೇ ಬರುವುದಿಲ್ಲ. ವ್ಯತ್ಯಾಸ ಕಾಣುವುದು ಅನಂತರ. ಕೇಳುವ ಮಗು ಆರರಿಂದ ಹತ್ತು ತಿಂಗಳ ನಡುವೆ ‘ಬಾಬಾಬಾ’, ‘ತಾತಾತಾ’ ಎಂದು ಉಚ್ಚಾರಗಳನ್ನು ಪೋಣಿಸತೊಡಗುತ್ತದೆ. ತೀವ್ರ ಶ್ರವಣದೋಷವುಳ್ಳ ಮಗುವಿನಲ್ಲಿ ಈ ಹಂತ ತಡವಾಗುತ್ತದೆ, ಇಲ್ಲವೆ ಮೂಡಿದ ತೊದಲು ಬೆಳೆಯದೆ ಸೊರಗುತ್ತದೆ. ಹತ್ತು ತಿಂಗಳಾದರೂ ಹೀಗೆ ತೊದಲದ, ಹೆಸರು ಹಿಡಿದು ಕರೆದರೆ ತಿರುಗದ ಕೂಸನ್ನು ಮರುವಾರವೇ ತೋರಿಸಬೇಕು. ವರ್ಷದ ಸುಮಾರಿಗೆ ಮೊದಲ ಅರ್ಥವುಳ್ಳ ಪದ, ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂತೆ ಎರಡು ಪದಗಳ ಜೋಡಣೆ ಬರಬೇಕೆಂಬುದು ನೆನಪಿನಲ್ಲಿರಲಿ.

ನಿಜವಾದ ಪರೀಕ್ಷೆಗೆ ಇಷ್ಟು ಕಾಯಬೇಕಾಗಿಯೇ ಇಲ್ಲ. ಹುಟ್ಟಿದ ಮರುದಿನ, ಮಗು ನಿದ್ರಿಸುತ್ತಿರುವಾಗ, ಕಿವಿಯಲ್ಲಿ ಮೃದುವಾದ ಚಿಕ್ಕ ಬಿರಡೆಯಂಥ ಸಾಧನವನ್ನಿಟ್ಟು ಸಣ್ಣ ಸದ್ದುಗಳನ್ನು ಕಳಿಸಲಾಗುತ್ತದೆ. ಒಳಗಿವಿಯ ಕೂದಲು ಕೋಶಗಳು ಆರೋಗ್ಯವಾಗಿದ್ದರೆ ಅವು ಮರುದನಿಯೊಂದನ್ನು ಹೊರಡಿಸುತ್ತವೆ. ಯಂತ್ರ ಅದನ್ನು ದಾಖಲಿಸುತ್ತದೆ. ಓಎಇ ಎಂಬ ಈ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ನೋವಿಲ್ಲ, ಚುಚ್ಚುವುದಿಲ್ಲ. ಎರಡನೆಯದು ಬೆರಾ ಪರೀಕ್ಷೆ. ತಲೆಗೆ ಸಣ್ಣ ತಂತಿಗಳನ್ನಂಟಿಸಿ, ಶಬ್ದವು ಕಿವಿಯಿಂದ ಮಿದುಳುಕಾಂಡದವರೆಗೆ ಸಾಗುತ್ತಿದೆಯೇ ಎಂದು ಇದರಲ್ಲಿ ನೋಡುತ್ತಾರೆ. ಹುಟ್ಟುವಾಗ ತೀವ್ರ ಕಾಮಾಲೆಯಾದ, ತೂಕ ಕಡಿಮೆಯಿದ್ದ, ತೀವ್ರ ನಿಗಾ ಘಟಕದಲ್ಲಿ ದಿನಗಳನ್ನು ಕಳೆದ ಕೂಸುಗಳಿಗೆ ಓಎಇ ಒಂದೇ ಸಾಲದು. ಇಂಥವರಲ್ಲಿ ಕೆಲವರ ಒಳಗಿವಿ ಸರಿಯಿದ್ದು, ಅಲ್ಲಿಂದ ಮುಂದಿನ ನರಮಾರ್ಗದಲ್ಲಿ ದೋಷವಿರುತ್ತದೆ. ಅದು ಬೆರಾದಿಂದ ಮಾತ್ರ ತಿಳಿಯುತ್ತದೆ. ಮಿದುಳುಪೊರೆಯ ಉರಿಯೂತ ಬಂದುಹೋದ ಮಗುವಿಗಂತೂ ಗುಣವಾದ ಕೂಡಲೇ ಶ್ರವಣ ಪರೀಕ್ಷೆಯಾಗಬೇಕು. ಹುಟ್ಟಿದಾಗ ತೇರ್ಗಡೆಯಾದ ಮಗುವಿಗೂ ಮುಂದೆ ಶ್ರವಣ ಕುಂದುವ ಸಾಧ್ಯತೆಯಿರುವುದರಿಂದ, ಒಮ್ಮೆ ಪಡೆದ ಚೀಟಿಯನ್ನು ನೆಚ್ಚಿ ಕೂರಬಾರದು.

ವೈದ್ಯಲೋಕ ಇಂದು ಒಪ್ಪಿರುವ ಗಡುವು ಹೀಗಿದೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ. ಆರು ತಿಂಗಳೆಂಬ ಸಂಖ್ಯೆಗೆ ಆಧಾರವಿದೆ. ಅಮೆರಿಕದ ಕೊಲರಾಡೋದಲ್ಲಿ ಕ್ರಿಸ್ಟೀನ್ ಯೋಶಿನಾಗ ಇಟಾನೋ ಮತ್ತು ಸಂಗಡಿಗರು 150 ಮಕ್ಕಳನ್ನು ಅಧ್ಯಯನ ಮಾಡಿ 1998ರಲ್ಲಿ ವರದಿ ಪ್ರಕಟಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ ಅವರ ಬುದ್ಧಿಶಕ್ತಿಯ ಮಟ್ಟಕ್ಕೆ ಸಮೀಪವಾಗಿ ಬೆಳೆದಿತ್ತು. ಅನಂತರ ಪತ್ತೆಯಾದವರು ಹಿಂದುಳಿದಿದ್ದರು. ದೋಷದ ಪ್ರಮಾಣ, ಮನೆಯ ಆರ್ಥಿಕ ಸ್ಥಿತಿ, ಗಂಡು ಹೆಣ್ಣೆಂಬ ಭೇದ ಯಾವುದೂ ಈ ಅಂತರವನ್ನು ಅಳಿಸಲಿಲ್ಲ.

ಬಂಧುತ್ವದ ಮದುವೆ

ಹೇಳಲು ಸಂಕೋಚವಾದರೂ ಬಿಡಲಾಗದ ವಿಷಯವೊಂದಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಕ್ಕಳಲ್ಲಿ ಸಂಬಂಧ ಬೆಳೆಸುವುದು ನಮ್ಮ ನಾಡಿನಲ್ಲಿ ಇನ್ನೂ ನಡೆಯುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆದುದು. ಹುಟ್ಟುಗಿವುಡಿಗೆ ಕಾರಣವಾಗುವ ವಂಶವಾಹಿಗಳಲ್ಲಿ ಹೆಚ್ಚಿನವು ಅಡಗಿರುವ ಸ್ವಭಾವದವು. ತಂದೆಯಲ್ಲಿ ಒಂದು ದೋಷಯುಕ್ತ ಪ್ರತಿ, ತಾಯಿಯಲ್ಲಿ ಒಂದು ದೋಷಯುಕ್ತ ಪ್ರತಿ ಇದ್ದರೆ ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗ ಮಾತ್ರ ಕಿವುಡುತನ ತೋರುತ್ತದೆ. ಅಂಥ ದಂಪತಿಗಳ ಪ್ರತಿ ಗರ್ಭದಲ್ಲಿಯೂ ಈ ಸಂಭವ ನಾಲ್ಕರಲ್ಲಿ ಒಂದು. ಒಂದೇ ಮೂಲದಿಂದ ಬಂದ ಎರಡು ಕವಲುಗಳು ಮತ್ತೆ ಸೇರಿದರೆ ಒಂದೇ ಪ್ರತಿ ಎರಡೂ ಕಡೆಯಿಂದ ಬರುವ ಸಂಭವ ಸಹಜವಾಗಿ ಹೆಚ್ಚುತ್ತದೆ. ‘ನಮ್ಮ ವಂಶದಲ್ಲಿ ಯಾರೂ ಕಿವುಡರಿಲ್ಲ’ ಎಂಬ ಧೈರ್ಯಕ್ಕೆ ಇಲ್ಲಿ ಅರ್ಥವಿಲ್ಲ. ಶ್ರವಣದೋಷವುಳ್ಳ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗಳಿಗೇ. ಇದಕ್ಕಾಗಿ ಸೊಸೆಯನ್ನು ದೂರುವ ಮನೆಗಳಿವೆ. ಲೆಕ್ಕ ನೋಡಿದರೆ ಇಬ್ಬರ ಪಾಲೂ ಸಮಸಮ.

ಗರ್ಭಿಣಿಗೆ ರುಬೆಲ್ಲಾ ಸೋಂಕು ತಗಲಿದರೂ ಶಿಶುವಿನ ಕಿವಿ, ಕಣ್ಣು, ಹೃದಯಗಳಿಗೆ ಧಕ್ಕೆಯಾಗುತ್ತದೆ. 2017ರಿಂದ ನಮ್ಮ ರಾಜ್ಯದಲ್ಲಿ ದಡಾರ–ರುಬೆಲ್ಲಾ ಲಸಿಕೆ ಉಚಿತವಾಗಿ ದೊರೆಯುತ್ತಿರುವುದು ಈ ದೃಷ್ಟಿಯಿಂದಲೂ ಮುಖ್ಯ.

ಯಂತ್ರ ಬಂತು, ಮಾತು ಬರಲಿಲ್ಲ

ಶ್ರವಣಯಂತ್ರ ಹಾಕಿದ ದಿನವೇ ಮಗು ಮಾತಾಡುವುದೆಂದು ನಿರೀಕ್ಷಿಸಿ, ಎರಡು ತಿಂಗಳಲ್ಲಿ ಬೇಸತ್ತು, ಅದನ್ನು ಕಪಾಟಿನಲ್ಲಿ ಇಟ್ಟುಬಿಡುವ ಕುಟುಂಬಗಳು ಕಡಿಮೆಯಿಲ್ಲ. ಯಂತ್ರ ಕೊಡುವುದು ಶಬ್ದವನ್ನು ಮಾತ್ರ. ಕೇಳುವ ಮಗು ಹನ್ನೆರಡು ತಿಂಗಳು ಕೇಳಿದ ಮೇಲೆ ಮೊದಲ ಪದ ಆಡಿದರೆ, ಎರಡನೆಯ ವರ್ಷದಲ್ಲಿ ಯಂತ್ರ ಪಡೆದ ಮಗುವಿನ ‘ಕೇಳುವ ವಯಸ್ಸು’ ಆ ದಿನದಿಂದ ಆರಂಭ. ಕಾಕ್ಲಿಯರ್ ಇಂಪ್ಲಾಂಟ್ ಎಂಬುದು ಕೂಡ ಕಿವಿಯನ್ನು ಗುಣಪಡಿಸುವ ಶಸ್ತ್ರಕ್ರಿಯೆಯಲ್ಲ. ಕೆಟ್ಟ ಕೋಶಗಳನ್ನು ದಾಟಿ, ಶ್ರವಣನರಕ್ಕೆ ನೇರವಾಗಿ ವಿದ್ಯುತ್ ಸಂಕೇತಗಳನ್ನು ಮುಟ್ಟಿಸುವ ವ್ಯವಸ್ಥೆ ಅದು. ಆ ಸಂಕೇತಗಳು ಮಗುವಿಗೆ ಹಿತವಾಗುವಂತೆ ಆಗಾಗ ಹೊಂದಿಸಬೇಕಾಗುತ್ತದೆ, ವರ್ಷಗಟ್ಟಲೆ ಕೇಳುವ ತರಬೇತಿ ಬೇಕಾಗುತ್ತದೆ. ಶ್ರವಣಯಂತ್ರದ ಕಿವಿಯಚ್ಚು ಕೂಡ ಕೂಸಿನ ಕಿವಿ ಬೆಳೆದಂತೆ ಕೆಲವು ತಿಂಗಳಿಗೊಮ್ಮೆ ಬದಲಾಗಬೇಕು. ಸಡಿಲವಾದ ಅಚ್ಚು ಕೀಚುಗುಟ್ಟುತ್ತದೆ, ಮಗು ಕಿತ್ತೆಸೆಯುತ್ತದೆ, ಮನೆಯವರು ‘ಇವಳಿಗೆ ಇಷ್ಟವಿಲ್ಲ’ ಎನ್ನುತ್ತಾರೆ.

ಕನ್ನಡ ಕಲಿಯುವ ಮಗುವಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಭಾಷೆಯಲ್ಲಿ ಅರ್ಥದ ಅರ್ಧ ಭಾರವನ್ನು ಪದದ ತುದಿ ಹೊರುತ್ತದೆ. ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿ’ ಎಂಬಲ್ಲಿ ವ್ಯತ್ಯಾಸವಿರುವುದು ಕೊನೆಯಲ್ಲಿ. ‘ಬಂದನು’, ‘ಬಂದಳು’, ‘ಬಂದಿತು’ ಎಂಬಲ್ಲಿ ಬಂದವರು ಯಾರೆಂದು ಹೇಳುವುದೂ ತುದಿಯೇ. ಆಡುವಾಗ ನಾವು ಈ ತುದಿಗಳನ್ನು ನುಂಗುತ್ತೇವೆ, ದನಿ ತಗ್ಗಿಸುತ್ತೇವೆ. ಶ್ರವಣ ಮಂದವಾದ ಮಗುವಿಗೆ ‘ಮನೆ’, ‘ಬಂದ’ ಮಾತ್ರ ದಕ್ಕಿ, ಎಲ್ಲಿಗೆ, ಎಲ್ಲಿಂದ, ಯಾರು ಎಂಬುದೆಲ್ಲ ಜಾರಿಹೋಗುತ್ತದೆ. ತುಟಿ ನೋಡಿ ಅರಿತುಕೊಳ್ಳಲಿ ಎನ್ನುವವರು ಕನ್ನಡಿಯ ಮುಂದೆ ದನಿಯಿಲ್ಲದೆ ‘ಮರ’, ‘ಬರ’, ‘ಪರ’ ಎಂದು ಹೇಳಿ ನೋಡಬೇಕು. ಮೂರರಲ್ಲಿಯೂ ತುಟಿಯ ಚಲನೆ ಒಂದೇ.

ಆದ್ದರಿಂದ ಮನೆಯವರು ಕಲಿಯಬೇಕಾದ ಅಭ್ಯಾಸಗಳು ಕೆಲವುಂಟು. ದೂರದಿಂದ ಕೂಗಿದರೆ ಉಪಯೋಗವಿಲ್ಲ, ಮಗುವಿನ ಬಳಿಗೆ ಬಂದು, ಅದರ ಎತ್ತರಕ್ಕೆ ಕುಳಿತು, ಸಹಜ ದನಿಯಲ್ಲಿ ಪೂರ್ಣ ವಾಕ್ಯಗಳನ್ನಾಡಬೇಕು. ದೂರದರ್ಶನ ಆರಿರಲಿ. ಮಗು ಏನನ್ನು ನೋಡುತ್ತಿದೆಯೋ ಅದರ ಬಗ್ಗೆಯೇ ಮಾತು ಬರಲಿ. ಎಣ್ಣೆ ಹಚ್ಚುವಾಗ, ನೀರು ಹಾಕುವಾಗ, ರೊಟ್ಟಿ ಬಡಿಯುವಾಗ ನಡೆಯುತ್ತಿರುವುದನ್ನೇ ಹೇಳುತ್ತ ಹೋಗುವುದು ಎಲ್ಲ ಪಾಠಗಳಿಗಿಂತ ಹಿರಿದು. ‘ಇದೇನು? ಹೇಳು, ಹೇಳು’ ಎಂಬ ಪೀಡನೆ ಬೇಡ. ಮಗು ‘ಬೌ’ ಎಂದರೆ, ‘ಹೌದು, ನಾಯಿ ಬಂತು, ನಾಯಿ ಓಡಿ ಬಂತು’ ಎಂದು ಅದರ ಮಾತನ್ನೇ ಹಿಗ್ಗಿಸಿ ಹಿಂದಿರುಗಿಸಿ, ಸ್ವಲ್ಪ ಹೊತ್ತು ಸುಮ್ಮನಿರಬೇಕು. ಯಂತ್ರ ಸರಿಯಾಗಿದೆಯೇ ಎಂದು ದಿನವೂ ಬೆಳಿಗ್ಗೆ ನೋಡಲು ಸುಲಭ ಉಪಾಯವಿದೆ: ತುಟಿ ಕಾಣದಂತೆ ಮಗುವಿನ ಹಿಂದೆ ಕುಳಿತು ಆ, ಊ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಆಡಬೇಕು. ಡೇನಿಯಲ್ ಲಿಂಗ್ ಎಂಬ ಶಿಕ್ಷಕರು ರೂಪಿಸಿದ ಪರೀಕ್ಷೆಯಿದು. ಮಾತಿನ ಎಲ್ಲ ಸ್ಥಾಯಿಗಳೂ ಈ ಆರರಲ್ಲಿ ಅಡಗಿವೆ. ನಿನ್ನೆ ‘ಸ್’ ಕೇಳಿದ ಮಗುವಿಗೆ ಇಂದು ಕೇಳಲಿಲ್ಲವೆಂದರೆ ಮೊದಲು ಬ್ಯಾಟರಿಯನ್ನು ನೋಡಿ.

ಸಂಜ್ಞೆ ಕಲಿತರೆ ಮಗು ಸೋಮಾರಿಯಾಗಿ ಮಾತನ್ನೇ ಬಿಟ್ಟೀತೆಂಬ ಹೆದರಿಕೆ ವಿದ್ಯಾವಂತರಲ್ಲಿಯೂ ಇದೆ. ಸಂಜ್ಞಾಭಾಷೆ ಅಭಿನಯವಲ್ಲ, ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ. ಸಂಜ್ಞಾಭಾಷೆಯಾಡುವ ಕಿವುಡ ದಂಪತಿಗಳ ಕಿವುಡ ಕೂಸುಗಳು ಕೈಬೆರಳುಗಳಿಂದಲೇ ‘ತೊದಲುತ್ತವೆ’ ಎಂಬುದನ್ನು 1991ರಲ್ಲಿ ಲಾರಾ ಆನ್ ಪೆಟಿಟ್ಟೊ ಮತ್ತು ಪೌಲಾ ಮಾರೆಂಟೆಟ್ ತೋರಿಸಿದರು. ಭಾಷೆಯ ಹಸಿವು ಕಿವಿಯ ಬಾಗಿಲು ಮುಚ್ಚಿದ್ದರೆ ಕಣ್ಣಿನ ಬಾಗಿಲಿನಿಂದ ಊಟ ಹುಡುಕುತ್ತದೆ. ನನ್ನ ಅಭಿಪ್ರಾಯ ಇಷ್ಟು: ಶಸ್ತ್ರಚಿಕಿತ್ಸೆಯ ಸರದಿಗಾಗಿ, ಯಂತ್ರಕ್ಕಾಗಿ, ಹಣಕ್ಕಾಗಿ ಕಾಯುವ ತಿಂಗಳುಗಳಲ್ಲಿ ಮಗುವನ್ನು ಯಾವ ಭಾಷೆಯೂ ಇಲ್ಲದೆ ಇಡುವುದು ಅನ್ಯಾಯ. ಕಿವುಡುತನವನ್ನು ತಾಳಿಕೊಂಡು ಬಾಳಬಹುದು, ಭಾಷೆಯಿಲ್ಲದೆ ಕಳೆದ ಬಾಲ್ಯವನ್ನು ತುಂಬಿಕೊಡಲು ಯಾರಿಂದಲೂ ಆಗದು. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಗೆ 2015ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪನೆಯಾಗಿದೆ. ಅದು ಸಿದ್ಧಪಡಿಸಿದ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಅಂದಹಾಗೆ, ‘ಮೂಗ’ ಎಂಬ ಮಾತನ್ನು ಇಂಥ ಮಕ್ಕಳ ಎದುರಿನಲ್ಲೂ ಬೆನ್ನ ಹಿಂದೆಯೂ ಬಿಟ್ಟುಬಿಡುವುದು ಒಳ್ಳೆಯದು. ಅವರ ಗಂಟಲಿಗೆ, ನಾಲಿಗೆಗೆ ಯಾವ ದೋಷವೂ ಇರುವುದಿಲ್ಲ.

ಕಿವಿ ಸರಿಯಿದ್ದೂ ಭಾಷೆ ಬೇರೆ ದಾರಿ ಹಿಡಿದಾಗ

ಕಣ್ಣು ಕಾಣದ ಮಕ್ಕಳು ಸಾಮಾನ್ಯವಾಗಿ ಸಕಾಲಕ್ಕೆ ಸ್ವಲ್ಪ ಹಿಂದುಮುಂದಾಗಿ ಮಾತು ಕಲಿಯುತ್ತಾರೆ. ತಾಯಿ ಬೆರಳು ತೋರಿಸಿ ‘ಅಗೋ ಗುಬ್ಬಿ’ ಎಂದದ್ದು ಅವರಿಗೆ ದಕ್ಕುವುದಿಲ್ಲ. ‘ನಾನು’, ‘ನೀನು’ಗಳ ಬಳಕೆಯಲ್ಲಿ ಕೆಲಕಾಲ ಗೊಂದಲವಿರಬಹುದು. ಆದರೆ ಅವರ ಪದಗಳು ಅರ್ಥವಿಲ್ಲದ ಗಿಳಿಪಾಠವೆಂದು ಬಗೆಯಬಾರದು. ಬಾರ್ಬರಾ ಲ್ಯಾಂಡೌ ಮತ್ತು ಲೈಲಾ ಗ್ಲೈಟ್‌ಮನ್ ಅವರು 1985ರ ತಮ್ಮ ಗ್ರಂಥದಲ್ಲಿ ವಿವರಿಸಿದ ಅಂಧ ಬಾಲೆಗೆ ‘ಮೇಲೆ ನೋಡು’ ಎಂದಾಗ ಅವಳು ಮುಖವನ್ನೆತ್ತದೆ ಕೈಗಳನ್ನೆತ್ತಿದಳು. ‘ನೋಡು’ ಎಂಬುದು ಅವಳಿಗೆ ಕೈಯಿಂದ ಅರಿಯುವುದೆಂದು ಸ್ಪಷ್ಟವಾಗಿ ಅರ್ಥವಾಗಿತ್ತು. ಇಂಥ ಮಗುವಿನ ಕೈಗೆ ವಸ್ತುವನ್ನು ಕೊಟ್ಟು, ಅದೇ ಕ್ಷಣದಲ್ಲಿ ಅದರ ಹೆಸರು ಹೇಳಬೇಕು.

ಡೌನ್ ಸಿಂಡ್ರೋಮ್ ಉಳ್ಳ ಮಕ್ಕಳಿಗೆ ಆಡುವುದಕ್ಕಿಂತ ಅರ್ಥಮಾಡಿಕೊಳ್ಳುವ ಶಕ್ತಿ ಮುಂದಿರುತ್ತದೆ. ಅವರ ನಡುಗಿವಿಯಲ್ಲಿ ದ್ರವ ನಿಲ್ಲುವುದೂ ಹೆಚ್ಚು, ಆದ್ದರಿಂದ ಅವರ ಕಿವಿಯನ್ನು ಮತ್ತೆ ಮತ್ತೆ ತೋರಿಸುತ್ತಿರಬೇಕು. ಆಟಿಸಂ ಉಳ್ಳ ಮಗು ಕರೆದರೆ ತಿರುಗದಿರುವುದರಿಂದ ಕಿವುಡೆಂದು ಭ್ರಮೆಯಾಗುತ್ತದೆ. ಕಿವುಡು ಮಗುವನ್ನು ಆಟಿಸಂ ಎನ್ನುವುದೂ ಉಂಟು. ಇಲ್ಲಿಯೂ ಶ್ರವಣ ಪರೀಕ್ಷೆಯೇ ಮೊದಲ ಹೆಜ್ಜೆ. ಇಂಥ ಕೆಲವು ಮಕ್ಕಳು ಕೇಳಿದ ವಾಕ್ಯವನ್ನೇ ಮರಳಿ ಒಪ್ಪಿಸುತ್ತಾರೆ. ‘ಹಾಲು ಬೇಕಾ?’ ಎಂದರೆ ‘ಹಾಲು ಬೇಕಾ?’ ಎನ್ನುತ್ತಾರೆ. ಅದನ್ನು ಗದರಿಸಿ ನಿಲ್ಲಿಸುವುದು ಸಲ್ಲದು. ಆ ಮಗುವಿನ ‘ಹೌದು’ ಬಹಳ ಸಲ ಅದೇ ಆಗಿರುತ್ತದೆ. ಚಿತ್ರಪಟಗಳಿಂದ ಬೇಕುಬೇಡ ತಿಳಿಸಲು ಕಲಿಸಿದರೆ ಮಾತಿಗೆ ಅಡ್ಡಿಯಾಗುವುದಿಲ್ಲ.

ಮನೆಮಾತನ್ನು ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿರೆಂಬ ಸಲಹೆ ನಗರಗಳಲ್ಲಿ ಅನೇಕ ತಂದೆತಾಯಿಗಳಿಗೆ ದೊರೆಯುತ್ತದೆ. ಎರಡು ಭಾಷೆಗಳಿಂದ ಡೌನ್ ಸಿಂಡ್ರೋಮ್ ಅಥವಾ ಆಟಿಸಂ ಉಳ್ಳ ಮಕ್ಕಳಿಗೆ ಹಾನಿಯಾಗುತ್ತದೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ತಾಯಿಗೆ ನಿರಾಯಾಸವಾಗಿ ಬರುವ ಭಾಷೆಯಲ್ಲಿ ಸಿಗುವಷ್ಟು ಮಾತು ಆಕೆ ತಡವರಿಸುವ ಭಾಷೆಯಲ್ಲಿ ಸಿಗುವುದಿಲ್ಲ. ಅಜ್ಜ ಅಜ್ಜಿಯರೊಡನೆ ಮಾತೇ ನಿಂತುಹೋಗುವ ನಷ್ಟ ಬೇರೆ.

ಎಲ್ಲಿಗೆ ಹೋಗಬೇಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು; ಕೇಂದ್ರ ಸರಕಾರದ ಈ ಸಂಸ್ಥೆಗೆ ದೇಶದ ಎಲ್ಲೆಡೆಯಿಂದ ಮಕ್ಕಳು ಬರುತ್ತಾರೆ. ಅಲ್ಲಿಯ ಶಿಶುವಿಹಾರದಲ್ಲಿ ಮಗುವಿನೊಡನೆ ತಾಯಿಗೂ ತರಬೇತಿಯಿದೆ. ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆಗಳು ಮೈಸೂರು ಮತ್ತು ಧಾರವಾಡಗಳಲ್ಲಿವೆ. ಇವುಗಳಿಂದ ದೂರವಿರುವವರು ಮೊದಲು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡವನ್ನು ಕಾಣಬೇಕು. 2013ರಿಂದ ನಡೆಯುತ್ತಿರುವ ಈ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಕೇಂದ್ರದ ಎಡಿಐಪಿ ಯೋಜನೆ ಮತ್ತು ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಡಿ ಬಡ ಕುಟುಂಬಗಳ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್‌ಗೆ ನೆರವಿದೆ. ಹುಟ್ಟುಗಿವುಡಿಗೆ ಸಂಬಂಧಿಸಿದಂತೆ ಇಂಥ ನೆರವಿಗೆ ವಯಸ್ಸಿನ ಮಿತಿಯಿರುವುದರಿಂದ, ಅರ್ಜಿ ಹಾಕುವ ಮೊದಲೇ ಯಂತ್ರ ಧರಿಸಿ ತರಬೇತಿ ಪಡೆಯುತ್ತಿರುವ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ: ತರಬೇತಿ ಎಲ್ಲಿ, ವಾರಕ್ಕೆ ಎಷ್ಟು ದಿನ? ಹೊರಗಿನ ಯಂತ್ರ ಕೆಟ್ಟರೆ ದುರಸ್ತಿಯ ಖರ್ಚು ಯಾರದು? ಖಾತರಿ ಎಷ್ಟು ವರ್ಷದ್ದು? ಉತ್ತರಗಳನ್ನು ಬರೆಸಿಕೊಳ್ಳುವುದು ಕ್ಷೇಮ.